ಗೌರವ್ವನ ಕೈಗೆ ನಾನು ಹಚ್ಚಿದ ನಂಜು

ಸುಮಿತ್ರಾಳ ರಕ್ತದ ವರದಿಯನ್ನು ಅವಳನ್ನು ಮನೆಗೆ ಕಳಿಸುವ ಮೊದಲೇ ನಾನು ನೋಡಿದ್ದೆ. ನೋಡಿಯೂ ಕಳಿಸಿದೆ. ಅವಳ ಕೂಸು ಸತ್ತಾಗ ತಪ್ಪನ್ನು ಅವಳ ಅತ್ತೆ ಗೌರವ್ವನ ತಲೆಗೆ ಕಟ್ಟಿದೆ — ಮಂದಿಯ ಮುಂದೆ, ಸುಳ್ಳೆಂದು ಗೊತ್ತಿದ್ದೂ.

ಇವೆರಡರಲ್ಲಿ ಎರಡನೆಯದು ನನಗೆ ಯಾವತ್ತೂ ಗೊತ್ತಿತ್ತು. ಮೊದಲನೆಯದನ್ನು ಮರೆತಿದ್ದೆ — ಅಥವಾ ಮರೆತಿದ್ದೇನೆ ಎಂದು ನನಗೆ ನಾನೇ... ಇಲ್ಲ, ಈ ವಾಕ್ಯವನ್ನು ಹೇಗೆ ಮುಗಿಸಿದರೂ ಅದು ನನ್ನ ಪರವಾಗಿಯೇ ನಿಲ್ಲುತ್ತದೆ. ಅರ್ಧಕ್ಕೆ ಬಿಡುತ್ತೇನೆ.

ನೀವು ಇದನ್ನು ಓದಿ ನನ್ನನ್ನು ಕ್ಷಮಿಸಬೇಕಾಗಿಲ್ಲ. ನಿಮ್ಮ ಕೂಸು ಸತ್ತಿಲ್ಲ, ನಿಮ್ಮ ಕೈಯನ್ನು ಯಾರೂ ದೂರ ಇಟ್ಟಿಲ್ಲ; ಕ್ಷಮಿಸಲು ನೀವು ಯಾರು? 'ಆಗ ನೀವಿನ್ನೂ ಚಿಕ್ಕವರಿದ್ರಿ, ಕಲಿಯೋ ವಯಸ್ಸು' ಎಂದು ಯಾರೋ ಹೇಳಿಯಾರು. ಹೇಳಬೇಡಿ. ಅದನ್ನು ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ.

ನಾನು ಹೆರಿಗೆ ವೈದ್ಯ. ಈಗ ಬೆಳಗಾವಿಯ ಸದಾಶಿವನಗರದಲ್ಲಿ ಸ್ವಂತ ದವಾಖಾನೆ ಇದೆ. ಆಗ ಅದೇ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂ.ಡಿ. ಓದುತ್ತಿದ್ದೆ. ಅದರ ಹೆಸರು ಬೇಡ. ಆಸ್ಪತ್ರೆ ಏನೂ ಮಾಡಲಿಲ್ಲ, ಮಾಡಿದವನು ನಾನು.

ನನ್ನ ಪ್ರಬಂಧದ ವಿಷಯ ಹೀಗಿತ್ತು. ಬಸಿರಿನಲ್ಲಿ ಕೂಸು ನೀರು ತುಂಬಿದ ಪೊರೆಯೊಳಗೆ ಇರುತ್ತದೆ. ದಿನ ತುಂಬುವ ಮೊದಲೇ ಆ ಪೊರೆ ಒಡೆದರೆ ಕೆಳಗಿನಿಂದ ನಂಜು ಏರಬಹುದು. ತಾಯಿಗೂ ಕೂಸಿಗೂ ಅಪಾಯ. ಭಡಭಡ ನೀರು ಹೋದರೆ ಯಾರಿಗಾದರೂ ತಿಳಿಯುತ್ತದೆ. ಮೇಲೆಲ್ಲೋ ಸಣ್ಣಗೆ ಸೀಳಿ, ಒಮ್ಮೆ ಸೋರಿ ಒಮ್ಮೆ ನಿಂತರೆ — ಮೂತ್ರವೋ, ಬಿಳಿಸೆರಗೋ, ಕೂಸಿನ ನೀರೋ ಹೇಳುವುದು ಕಷ್ಟ. ಪೊರೆ ಒಡೆದಾಗ ತಾಯಿಯ ರಕ್ತದಲ್ಲಿ ಏನಾದರೂ ಏರುತ್ತದೆಯೇ, ಅದನ್ನು ಅಳೆದು ಹೇಳಲಾದೀತೇ ಎಂದು ನಮ್ಮ ವಿಭಾಗದ ಮೇಡಂಗೆ ಆಸೆ. ಸಿಆರ್‌ಪಿ ಎನ್ನುತ್ತಾರೆ — ಮೈಯಲ್ಲಿ ಎಲ್ಲಿಯಾದರೂ ಉರಿಯೂತವಿದ್ದರೆ ಏರುವ ಒಂದು ವಸ್ತು. ಅದನ್ನೂ ಬಿಳಿ ರಕ್ತಕಣಗಳನ್ನೂ ಅಳೆಯುವುದು ನನ್ನ ಪಾಲಿಗೆ ಬಂತು.

ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ನೆಗಡಿಯಾದರೂ ಏರುವ, ಕಾಲಿಗೆ ಮುಳ್ಳು ಹೊಕ್ಕು ಕೀವಾದರೂ ಏರುವ ಅಂಕಿಯನ್ನು ಹಿಡಿದು ಪೊರೆ ಒಡೆದಿದೆ ಎಂದು ಹೇಳುವುದು ಪಂಚಾಂಗ ನೋಡಿ ಹೇಳಿದ ಹಾಗೆ ಎಂದು ವಾದಿಸುತ್ತಿದ್ದೆ. ಏನನ್ನೂ ನಂಬದವನು ಎಂಬ ಹೆಸರು ನನಗಿತ್ತು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು. ಮೇಡಂ ಒಮ್ಮೆ ಎಲ್ಲರೆದುರು, "ಎಲ್ಲಾನೂ ಅನುಮಾನ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಅನುಮಾನದ ಮ್ಯಾಲೂ ಒಮ್ಮೊಮ್ಮೆ ಅನುಮಾನ ಇರ್ಲಿಪಾ" ಎಂದರು. ಎಲ್ಲರೂ ನಕ್ಕರು. ಆ ನಗು ನನಗೆ ಚುಚ್ಚಿತು. ಈ ಪರೀಕ್ಷೆ ಕೆಲಸಕ್ಕೆ ಬಾರದ್ದು ಎಂದು ಇವರ ವಿಷಯದಿಂದಲೇ ಇವರಿಗೆ ತೋರಿಸಿಕೊಡುತ್ತೇನೆ ಎಂದು ಅವತ್ತೇ ನಿಶ್ಚಯಿಸಿದ್ದೆ.

ತೋರಿಸಿಯೂ ಕೊಟ್ಟೆ. ನನ್ನ ತೀರ್ಮಾನ ಇಂದಿಗೂ ತಪ್ಪಲ್ಲ — ಆ ಒಂದು ಅಂಕಿಯ ಮೇಲೆ ಯಾವ ವೈದ್ಯನೂ ಪೊರೆ ಒಡೆದಿದೆ ಎಂದು ಹೇಳುವುದಿಲ್ಲ. ನನ್ನ ಜೀವನದ ಅತಿ ಹೀನ ಕೆಲಸವನ್ನು ನಾನು ಮಾಡಿದ್ದು ಸರಿಯಾದ ತೀರ್ಮಾನವೊಂದರ ಬಲದಿಂದ.

ಸುಮಿತ್ರಾ ಬೆಳಗಾವಿಯದೇ ಶಹಾಪುರದ ನೇಕಾರರ ಮನೆಯ ಹುಡುಗಿ. ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯಿಂದ ಒಳಗೆ ಒಂದು ಸಣ್ಣ ಹಳ್ಳಿಯ ಭತ್ತದ ಗದ್ದೆಯವರಿಗೆ ಕೊಟ್ಟಿದ್ದರು. ಚೊಚ್ಚಲು ಬಸಿರು, ಏಳು ತಿಂಗಳು ತುಂಬಿತ್ತು. ಬೆಳಗಿನ ಓಪಿಡಿಗೆ ಅವಳನ್ನು ಕರೆತಂದವಳು ಅತ್ತೆ ಗೌರವ್ವ — ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು. ಹೊರಗೆ ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಆದರೆ ಜಾಂಬೋಟಿ ಎಂದ ಕೂಡಲೇ ನನ್ನ ತಲೆ ಮಳೆಯನ್ನು ತಾನೇ ಸೇರಿಸಿಕೊಂಡಿರಬಹುದು. ಆದ್ದರಿಂದ ಮಳೆಯನ್ನು ಬಿಡಿ. ಮಾತುಗಳು ಮಾತ್ರ ನೆನಪಿವೆ, ಯಾಕೆಂದರೆ ಆ ಮಾತುಗಳನ್ನು ನಾನು ಆಮೇಲೆ ತಮಾಷೆಯಾಗಿ ಹಲವರಿಗೆ ಹೇಳಿದ್ದೆ.

"ಒಲಿ ಮುಂದ ಕುಂತಿದ್ಲರಿ" ಎಂದಳು ಗೌರವ್ವ. "ಎದ್ದು ನಿಂತ್ಲು, ಕಾಲಗುಂಟ ನೀರ ಇಳೀತು. ಸೀರಿ ಪೂರಾ ತೊಯ್ತು."

"ಈಗ ಎಲ್ಲಾ ಒಣಾ ಐತೆಲ್ಲ?"

"ಒಣಾ ಇರದ ಏನ್ರೀ? ಬಿಸಿನೀರ ಕಾಸಿ, ತಲಿಮ್ಯಾಲಿಂದ ಎರದು, ಮಡಿ ಸೀರಿ ಉಡಿಸಿ ಕರಕೊಂಡ ಬಂದೀನಿ. ತೊಯ್ದ ಸೀರಿ ಒಗದು ಹಗ್ಗದ ಮ್ಯಾಲ ಹಾಕೇ ಬಸ್ ಹತ್ತೀವಿ."

"ಚಲೋ ಮಾಡಿದ್ರಿ ನೋಡ್ರಿ" ಎಂದೆ. "ಪೊಲೀಸ್ರು ಪಂಚನಾಮಿಗೆ ಬರೂ ಮೊದ್ಲ ನೆಲಾ ಸಾರಿಸಿ ರಂಗೋಲಿ ಹಾಕಿದಂಗಾತು."

ನನ್ನ ಜೊತೆಗಿದ್ದ ಕಿರಿಯರು ನಕ್ಕರು. ಗೌರವ್ವ ನಗಲಿಲ್ಲ.

"ಮತ್ತ ಹೊಲಸ ಮೈಲೆ ತಂದು ನಿಮ್ಮ ಮುಂದ ಮಲಗಸ್ಲೇನು? ಆಮ್ಯಾಲ ನೀವ ಅಂತೀರಿ, ಹಳ್ಳಿ ಮಂದಿ ನೋಡ್ರಿ, ನಾರತಾರು ಅಂತ."

ಅವಳು ಹೇಳಿದ್ದು ಖರೆ. ಹಳ್ಳಿಯಿಂದ ಬಂದ ಹೆಂಗಸರ ಬಗ್ಗೆ ಅಂಥ ಮಾತು ನಮ್ಮ ಓಪಿಡಿಯಲ್ಲಿ ದಿನಾ ಕೇಳಿಬರುತ್ತಿತ್ತು, ನಾನೂ ಆಡುತ್ತಿದ್ದೆ. ಅದಕ್ಕೇ ಆ ಭಾಗದ ಮನೆಗಳಲ್ಲಿ ಬಸುರಿಯನ್ನು ದವಾಖಾನೆಗೆ ಕರೆತರುವ ಮೊದಲು ಮದುವೆಗೆ ಹೊರಡಿಸಿದ ಹಾಗೆ ಎರೆದು, ಮಡಿ ಉಡಿಸಿ ತರುತ್ತಾರೆ. ನಮ್ಮ ನಾಲಿಗೆಗೆ ಹೆದರಿ, ನಮಗೆ ಬೇಕಾದ ಗುರುತನ್ನು ತೊಳೆದುಕೊಂಡು ಬರುತ್ತಾರೆ.

ಸುಮಿತ್ರಾ ಇಡೀ ಹೊತ್ತು ಆಡಿದ್ದು — ನನ್ನ ನೆನಪಿನಲ್ಲಿ — ಎರಡೇ ಮಾತು. "ಮೂತ್ರ ಅಲ್ರಿ ಅದು."

"ಹ್ಯಾಂಗ ಗೊತ್ತು?"

"ಮೂತ್ರ ಯಾವುದು ಅಂತ ನನಗ ತಿಳಿಯಂಗಿಲ್ಲೇನ್ರಿ?"

ಉಪಕರಣ ಹಾಕಿ ನೋಡಿದೆ. ಕೆಮ್ಮು ಎಂದೆ, ಕೆಮ್ಮಿದಳು. ನೀರು ಕಾಣಲಿಲ್ಲ. ಕೂಸಿನ ನೀರು ತಾಗಿದರೆ ನೀಲಿಗೆ ತಿರುಗುವ ಕಾಗದದ ಪಟ್ಟಿಯೂ ಬಣ್ಣ ಬದಲಿಸಲಿಲ್ಲ. ಸ್ಕ್ಯಾನ್‌ನಲ್ಲಿ ನೀರು ತುಸು ಕಡಿಮೆ ಇತ್ತು. ಕಡಿಮೆ ಎಂದು ಹಟ ಹಿಡಿಯುವಷ್ಟು ಅಲ್ಲ. ನನ್ನ ಅಧ್ಯಯನಕ್ಕೆ ಹೇಳಿ ಮಾಡಿಸಿದವಳಂತಿದ್ದಳು — ಅನುಮಾನದಿಂದ ಬಂದವಳು, ಪರೀಕ್ಷೆಯಲ್ಲಿ ಏನೂ ಕಾಣದವಳು. ರಕ್ತ ತೆಗೆದು ಲ್ಯಾಬಿಗೆ ಕಳಿಸಿ, ಅವಳನ್ನು ಹೊರಗೆ ಕೂರಿಸಿದೆ. ಆಮೇಲೆ, 'ಏನೂ ಆಗಿಲ್ಲ, ಹೋಗ್ರಿ, ಮತ್ತ ನೀರ ಹ್ವಾದ್ರ ಬರ್ರಿ' ಎಂದು ಹೇಳಿ ಮನೆಗೆ ಕಳಿಸಿದೆ.

ವರದಿ ಬಂದಾಗ ಸಿಆರ್‌ಪಿ ಬಹಳ ಮೇಲಿತ್ತು.

ಈ ಕೊನೆಯ ಎರಡು ಸಂಗತಿಗಳ ಅನುಕ್ರಮವನ್ನೇ ನಾನು ಇಷ್ಟು ವರ್ಷ ನನಗೆ ಬೇಕಾದ ಹಾಗೆ ಇಟ್ಟುಕೊಂಡಿದ್ದೆ: ಕಳಿಸಿದೆ, ಆಮೇಲೆ ವರದಿ ಬಂತು. ಅವರು ಆಗಲೇ ಬಸ್ ಹತ್ತಿ ಹೋಗಿದ್ದರು. ಫೋನ್ ನಂಬರ್ ಇದ್ದಿದ್ದರೂ ಆ ಕಾಡಿನಲ್ಲಿ ಹತ್ತುತ್ತಿರಲಿಲ್ಲ. ಈ ಅನುಕ್ರಮದಲ್ಲಿ ನಾನು ಆಲಸಿ; ಅಷ್ಟೇ. ಎಷ್ಟು ಸಲ ನೆನೆದರೂ ಈ ಚಿತ್ರವೇ ಬರುತ್ತಿತ್ತು — ಊಟ ಮಾಡಿ ಬರುತ್ತೇನೆ, ವರದಿ ಮೇಜಿನ ಮೇಲಿದೆ, ಹೊರಗಿನ ಬೆಂಚು ಖಾಲಿ. ಎಲ್ಲವನ್ನೂ ಅನುಮಾನಿಸುವ ನಾನು ಈ ಖಾಲಿ ಬೆಂಚನ್ನು ಒಮ್ಮೆಯೂ ಅನುಮಾನಿಸಲಿಲ್ಲ.

ಕೆಲವು ದಿನಗಳಲ್ಲಿ ಅವಳನ್ನು ಜ್ವರದಲ್ಲಿ ತಂದರು. ನೀರು ಸೋರುತ್ತಿತ್ತು, ವಾಸನೆ ಇತ್ತು. ಪೊರೆ ಮೊದಲ ದಿನವೇ ಒಡೆದಿತ್ತು. ಅವಳನ್ನು ಉಳಿಸಿದರು; ಮೇಡಂ ಉಳಿಸಿದರು. ಕೂಸು ಹುಟ್ಟಿತು, ಉಳಿಯಲಿಲ್ಲ. ಗಂಡುಕೂಸು.

ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ ಮಂದಿ ನೆರೆದಿದ್ದರು — ಸುಮಿತ್ರಾಳ ಗಂಡ ಮಾರುತಿ, ಅವನ ಕಾಕಾ, ಹಳ್ಳಿಯ ಹೆಂಗಸರು, ಶಹಾಪುರದಿಂದ ಬಂದ ಸುಮಿತ್ರಾಳ ತಾಯಿ. ಗೌರವ್ವ ಗಂಜಿಯ ಡಬ್ಬಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ನಾನು ಹೊರಗೆ ಬಂದ ಕೂಡಲೇ ಕಾಕಾ ನನ್ನ ದಾರಿಗೆ ಅಡ್ಡ ಬಂದ.

"ಮೊದಲ ಬಂದಾಗ ಏನೂ ಆಗಿಲ್ಲ ಅಂದ್ರಿ. ಈಗ ನಂಜ ಏರೇತಿ ಅಂತೀರಿ. ಖರೇ ಯಾವುದು, ಅದನ್ನಷ್ಟ ಹೇಳ್ರಿ. ಹೇಳೂ ಮಟಾ ಇಲ್ಲಿಂದ ನೀವೂ ಹೋಗಂಗಿಲ್ಲ, ನಾವೂ ಹೋಗಂಗಿಲ್ಲ."

ನನಗೆ ಹೆದರಿಕೆಯಾಯಿತು. ಹೊಡೆಯುತ್ತಾರೆಂದಲ್ಲ. ಈ ಪ್ರಶ್ನೆ ಮೇಡಂ ಕಿವಿಗೆ ಹೋಗುತ್ತದೆ ಎಂದು. 'ಅಂಕಿ ಏರಿತ್ತಲ್ಲ, ಯಾಕ ಕಳಿಸ್ದಿ?' ಎಂದು ಅವರು ಕೇಳುತ್ತಾರೆ ಎಂದು. ನನ್ನ ಕಣ್ಣು ಗೌರವ್ವನ ಮೇಲೆ ಬಿತ್ತು.

"ನನ್ನ ಏನ ಕೇಳ್ತೀರಿ? ಈಕಿನ್ನ ಕೇಳ್ರಿ" ಎಂದೆ. "ನೀರು ಒಡದ ಬಸರಿಗೆ ತಲಿಮ್ಯಾಲಿಂದ ನೀರ ಎರದು, ಮೈ ತಿಕ್ಕಿ ಕರಕೊಂಡ ಬಂದಾಳ. ನಂಜು ಈಕಿ ಕೈಯಿಂದ ಒಳಗ ಹೋಗೇತಿ."

ನೋಡಿ — ಅದೇ ಬಾಯಿಯಿಂದ ನೀರು ಒಡೆದಿಲ್ಲ ಎಂದು ಹೇಳಿ ಕಳಿಸಿದ್ದೆ. ಈಗ ನೀರು ಒಡೆದ ಬಸುರಿ ಎಂದೆ. ಆ ಗದ್ದಲದಲ್ಲಿ ಯಾರೂ ಇದನ್ನು ಹಿಡಿಯಲಿಲ್ಲ. ಮೈಮೇಲೆ ಎರೆದ ಬಿಸಿನೀರು ಗರ್ಭದೊಳಗೆ ನಂಜು ಒಯ್ಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಲ್ಲಿದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹತ್ತು ವರ್ಷ ಓದಿದ್ದು ಆ ಹೊತ್ತಿನಲ್ಲಿ ಇಷ್ಟಕ್ಕೇ ಉಪಯೋಗಕ್ಕೆ ಬಂತು — ನನ್ನ ಮಾತನ್ನು ಪ್ರಶ್ನಿಸುವವರು ಅಲ್ಲಿ ಯಾರೂ ಇರಲಿಲ್ಲ.

ಸುಮಿತ್ರಾಳ ತಾಯಿ ಗೌರವ್ವನ ಕೈಯಿಂದ ಗಂಜಿಯ ಡಬ್ಬಿಯನ್ನು ಕಿತ್ತುಕೊಂಡಳು. "ನಿನ್ನ ಕೈಯಾಗಿಂದ ಇನ್ನ ಒಂದ ತುತ್ತು ಉಣ್ಣಂಗಿಲ್ಲ ನನ್ನ ಮಗಳು" ಎಂದಳು. ಗೌರವ್ವ ಮಾರುತಿಯ ಕಡೆ ನೋಡಿದಳು. ಮಾರುತಿ ಗೋಡೆ ನೋಡಿದ. ನಾನು ಗೌರವ್ವನನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದೆ.

ಪ್ರಬಂಧ ಬರೆಯುವಾಗ ಸುಮಿತ್ರಾಳನ್ನು ಪೊರೆ ಒಡೆಯದವರ ಗುಂಪಿನಲ್ಲೇ ಬಿಟ್ಟೆ. ಒಡೆಯದಿದ್ದರೂ ಅಂಕಿ ಏರಿದವಳು — ಈ ಪರೀಕ್ಷೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಆ ವೇಳೆಗೆ ನನಗೆ ನಿಜ ಗೊತ್ತಿತ್ತು. ಅವಳೊಬ್ಬಳನ್ನು ಸರಿಯಾದ ಗುಂಪಿಗೆ ಹಾಕಿದ್ದರೂ ತೀರ್ಮಾನ ಬದಲಾಗುತ್ತಿರಲಿಲ್ಲ. ಹಾಗಾದರೆ ಯಾಕೆ ಹಾಕಲಿಲ್ಲ? ಹಾಕಿದರೆ ಮೇಡಂ ಕೇಳುತ್ತಿದ್ದರು. ಅಷ್ಟೇ. ದೊಡ್ಡ ಕಾರಣ ಹುಡುಕಬೇಡಿ.

ಪದವಿ ಬಂತು, ಮದುವೆಯಾಯಿತು, ದವಾಖಾನೆ ಆಯಿತು. ಗೌರವ್ವನ ನೆನಪು ಬರುತ್ತಿರಲಿಲ್ಲ ಎಂದರೆ ಸುಳ್ಳು. ಬಂದಾಗ ಪಕ್ಕಕ್ಕೆ ಸರಿಸುವುದನ್ನು ಕಲಿತಿದ್ದೆ. ಹಳ್ಳಿಯ ಮಂದಿ ಬೇಗ ಮರೆಯುತ್ತಾರೆ ಎಂದುಕೊಂಡಿದ್ದೆ. ಈ ಮಾತನ್ನು ಎಲ್ಲಿ ಓದಿದೆನೋ, ಯಾರು ಹೇಳಿದರೋ. ಯಾವ ಅಧ್ಯಯನವೂ ಇಲ್ಲದ ಮಾತು. ಇದನ್ನು ಮಾತ್ರ ಪುರಾವೆ ಕೇಳದೆ ನಂಬಿದೆ.

ಈಚೆಗೆ ಖಾನಾಪುರದಿಂದ ಶೋಭಾ ಎಂಬ ದಿನ ತುಂಬಿದ ಬಸುರಿ ನನ್ನ ದವಾಖಾನೆಗೆ ಬಂದಳು. ಜೊತೆಗೆ ಅವಳ ನೆಗೆಣ್ಣಿ — ಗಂಡನ ಅಣ್ಣನ ಹೆಂಡತಿ. ಎಲ್ಲ ಸರಿಯಾಗಿತ್ತು. ಹೊರಡುವಾಗ ರೂಢಿಯಂತೆ ಕೇಳಿದೆ, "ಮನ್ಯಾಗ ಕೂಸಿಗೆ ಎರಿಯಾವ್ರು ಯಾರು? ಮೂಗಿನ್ಯಾಗ, ಕಿವ್ಯಾಗ ಎಣ್ಣಿ ಬಿಡಬ್ಯಾಡ್ರಿ ಅಂತ ಅವರಿಗೆ ಹೇಳ್ರಿ."

ಶೋಭಾ ನೆಗೆಣ್ಣಿಯ ಕಡೆ ನೋಡಿದಳು. ನೆಗೆಣ್ಣಿ ಹೇಳಿದಳು. "ಬಾಜುಮನಿಯಾಕಿ ಬರ್ತಾಳ್ರಿ. ಅತ್ತಿ ಅದಾರ, ಆದ್ರ ಅವರ ಕೈ ಹಚ್ಚಸಂಗಿಲ್ಲ. ಊರಾಗಿದ್ದಾಗ ಓಣಿ ಕೂಸಿಗೆಲ್ಲಾ ಅವರ ಎರೀತಿದ್ರಂತ. ನನ್ನ ಚೊಚ್ಚಲ ಕೂಸು ಅವರ ಕೈಲೆ ನಂಜಾಗಿ ಹೋತ್ರಿ. ದೊಡ್ಡ ದವಾಖಾನಿ ಡಾಕ್ಟರ್ ಹೇಳ್ಯಾರ. ಅವತ್ತಿಂದ ಒಬ್ಬರೂ ಕರಿಯಂಗಿಲ್ಲ. ನನ್ನ ಮಗಾ ಈಗ ಸಾಲಿಗೆ ಹೊಂಟಾನ, ಅವನ ಮೈಮ್ಯಾಲ ಅಜ್ಜಿ ಕೈಯಿಂದ ಒಂದ ಹನಿ ನೀರ ಬಿದ್ದಿಲ್ಲ."

ದೂರು ಹೇಳುವ ದನಿಯಲ್ಲಿ ಅಲ್ಲ, ಹೆಮ್ಮೆಯಿಂದ ಹೇಳಿದಳು. ಡಾಕ್ಟರರ ಮಾತು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದೇವೆ ನೋಡಿ ಎಂಬಂತೆ.

ನಾನು ಮುಖಕ್ಕೆ ಮಾಸ್ಕ್ ಕಟ್ಟಿದ್ದೆ. ಅವಳು ಗುರುತಿಸಲಿಲ್ಲ. ನನಗೆ ಗುರುತು ಸಿಕ್ಕಿತು — ಸುಮಿತ್ರಾ. ಏನು ಮಾಡಿದೆ? ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಮುಂದಿನವರನ್ನು ಕಳಿಸಿ ಎಂದೆ.

ಆಮೇಲೆ ಬಹಳ ದಿನ ನನ್ನೊಂದಿಗೆ ನಾನೇ ಜಗಳವಾಡಿದೆ. ಮೂಢನಂಬಿಕೆ ಅವರದು, ಒಂದು ಮಾತಿಗೆ ಇಷ್ಟು ಜೋತುಬಿದ್ದರೆ ನಾನೇನು ಮಾಡಲಿ — ಎಂದು ಒಂದು ದಿನ. ಅದು ಮೂಢನಂಬಿಕೆಯಲ್ಲ, ಅವರು ವಿಜ್ಞಾನವನ್ನು ನಂಬಿದರು, ವಿಜ್ಞಾನದ ಹೆಸರಿನಲ್ಲಿ ಸುಳ್ಳು ಹೇಳಿದವನು ನೀನು — ಎಂದು ಇನ್ನೊಂದು ದಿನ. ಕೊನೆಗೆ ಒಂದು ಭಾನುವಾರ, ಶೋಭಾಳ ಚೀಟಿಯಲ್ಲಿದ್ದ ವಿಳಾಸ ಹಿಡಿದು ಖಾನಾಪುರಕ್ಕೆ ಹೋದೆ. ಮಾರುತಿ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿ, ಕಾಕಾನೂ ಸೇರಿ ಸಂಸಾರ ಊರು ಬಿಟ್ಟು ಪೇಟೆಗೆ ಬಂದಿತ್ತು. ಅಷ್ಟರಲ್ಲಿ ಶೋಭಾ ಹೆತ್ತಿದ್ದಳು; ಒಳಕೋಣೆಯಲ್ಲಿ ಬಾಣಂತಿ, ಕೂಸು. ಪಡಸಾಲೆಯಲ್ಲಿ ಸುಮಿತ್ರಾ ಅವರೆಕಾಯಿ ಸುಲಿಯುತ್ತಿದ್ದಳು. ಗೌರವ್ವ ಗೋಡೆಗೆ ಒರಗಿ, ಸೆರಗಿನೊಳಗೆ ಕೈ ಇಟ್ಟುಕೊಂಡು ಕುಳಿತಿದ್ದಳು. ಮೈ ಇಳಿದಿತ್ತು.

ನಾನು ಯಾರೆಂದು ಹೇಳಿದೆ. ಶೋಭಾಳ ಡಾಕ್ಟರ್ ಎಂದು ಅಲ್ಲ — ಅವತ್ತಿನ ಡಾಕ್ಟರ್ ಎಂದು.

"ದನಿ ಕೇಳಿದ ಕೂಡ್ಲೆ ತಿಳೀತು" ಎಂದಳು ಗೌರವ್ವ. "ಮಾರಿ ಉಬ್ಬೇತಿ. ದನಿ ಅದ ಐತಿ. ಯಾಕ ಬಂದ್ರಿ? ಇನ್ನ್ಯಾರ ಕೂಸು ಸತ್ತೇತಿ, ನನ್ನ ಹೆಸರಿಗೆ ಹಚ್ಚಾಕ?"

ಬಾಗಿಲಲ್ಲಿ ಬಾಜುಮನೆಯವರು ಇಣುಕುತ್ತಿದ್ದರು. ನಾನು ಎದ್ದು ಬಾಗಿಲು ಮುಚ್ಚಿದೆ. ಹೇಳಲು ತೊಡಗಿದೆ. ಎರೆದದ್ದರಿಂದ ಏನೂ ಆಗಿಲ್ಲ, ಆಗುವುದೂ ಇಲ್ಲ. ಆ ಮಾತು ಸುಳ್ಳು. ನನ್ನ ತಪ್ಪು ಮುಚ್ಚಿಕೊಳ್ಳಲು ಹೇಳಿದೆ. ಸುಮಿತ್ರಾಳನ್ನು ಅವತ್ತು ದವಾಖಾನೆಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ನೋಡಬೇಕಾಗಿತ್ತು. "ರಕ್ತದ ರಿಪೋರ್ಟ್ ನೀವು ಹ್ವಾದ ಮ್ಯಾಲ ಬಂತು. ಆಮ್ಯಾಲಾದ್ರೂ ಹೇಳಿ ಕಳಸಬೇಕಿತ್ತು. ಕಳಸಲಿಲ್ಲ" ಎಂದೆ.

ಸುಮಿತ್ರಾಳ ಕೈ ಅವರೆಕಾಯಿಯ ಮೇಲೆ ನಿಂತಿತು. "ಹ್ವಾದ ಮ್ಯಾಲ?"

"ಹೌದು."

"ಮತ್ತ ಹಲ್ಲು ಯಾಕ ನೋಡಿದ್ರಿ?"

ನನಗೆ ಅರ್ಥವಾಗಲಿಲ್ಲ.

"ರಕ್ತ ತಕ್ಕೊಂಡು ಹೊರಗ ಕುಂದರ್ಸಿದ್ರಿ. ಭಾಳ ಹೊತ್ತು ಕುಂತ್ವಿ. ಮತ್ತ ಒಳಗ ಕರದು, ನೆಗಡಿ ಐತೇನು, ಎಲ್ಲರೆ ಗಾಯ ಆಗೇತೇನು, ಹಲ್ಲು ನೋಯ್ತಾವೇನು ಅಂತ ಕೇಳಿದ್ರಿ. ಬಾಯಿ ತೆಗಿ ಅಂದ್ರಿ. ಒಂದ ಹಲ್ಲು ಹುಳುಕ ಇತ್ತು. 'ಹಾಂ, ಇದ ನೋಡು, ಹಲ್ಲಿಂದ' ಅಂತ ನಕ್ಕೊಂತ ಹೋಗ್ರಿ ಅಂದ್ರಿ. ಹೊಟ್ಟಿ ಡಾಕ್ಟರ್ ಹಲ್ಲು ಯಾಕ ನೋಡ್ತಾರ ಅಂತ ಬಸ್ಸಿನ್ಯಾಗ ಅತ್ತಿಗೆ ಕೇಳಿದ್ದೆ."

"ಕೇಳಿದ್ದಿ" ಎಂದಳು ಗೌರವ್ವ.

ಹೆರಿಗೆ ವೈದ್ಯ ಹಲ್ಲು ನೋಡುವುದಿಲ್ಲ. ಸಿಆರ್‌ಪಿ ಏರಿದ್ದನ್ನು ಕಂಡು, ಅದಕ್ಕೆ ಪೊರೆಯನ್ನು ಬಿಟ್ಟು ಬೇರೆ ಕಾರಣ ಬೇಕಾಗಿರುವವನು ಮಾತ್ರ ನೋಡುತ್ತಾನೆ. ನೆಗಡಿ, ಗಾಯ, ಹಲ್ಲು — ಇವು ವರದಿಯನ್ನು ಕೈಯಲ್ಲಿ ಹಿಡಿದವನ ಪ್ರಶ್ನೆಗಳು. ಅನುಮಾನ ಹುಟ್ಟಿಸುವುದಷ್ಟೇ ಆ ಅಂಕಿಯ ಕೆಲಸವಾಗಿತ್ತು. ಅದು ಹುಟ್ಟಿಸಿತ್ತು ಕೂಡ. ನಾನು ಅದನ್ನು ಒಂದು ಹುಳುಕು ಹಲ್ಲಿನಲ್ಲಿ ಹೂತು, ನನ್ನ ವಾದ ಗೆದ್ದಿತೆಂದು ನಕ್ಕು, ಇವಳನ್ನು ಬಸ್ ಹತ್ತಿಸಿದ್ದೆ.

ಅದೆಲ್ಲ ನನಗೆ ನೆನಪಾಗಲಿಲ್ಲ. ಈಗಲೂ ನೆನಪಿಲ್ಲ. ಆ ಬಾಯಿ, ಆ ಹಲ್ಲು — ಎಷ್ಟು ತಿಣುಕಿದರೂ ಬರುವುದಿಲ್ಲ. ಬರುವುದು ಖಾಲಿ ಬೆಂಚು ಮಾತ್ರ. ನನ್ನ ನೆನಪಿನ ವಿರುದ್ಧ ನಾನು ಅವಳ ಮಾತನ್ನು ನಂಬುತ್ತೇನೆ. ಅವಳಿಗೆ ಈ ಸುಳ್ಳಿನಿಂದ ಏನೂ ಸಿಗುವುದಿಲ್ಲ. ನನಗೆ ಎಲ್ಲವೂ ಸಿಗುತ್ತಿತ್ತು.

ಆ ಗಳಿಗೆಯಲ್ಲಿ ಹಲ್ಲಿನ ಅರ್ಥ ಅವರಿಬ್ಬರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ನಡೆಯುತ್ತಿತ್ತು. ತಕ್ಷಣ ಹೇಳಿಬಿಟ್ಟೆ ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಕುಡಿಯಲು ನೀರು ಕೇಳಿದೆ. ಸುಮಿತ್ರಾ ಏಳಲಿಲ್ಲ. ಆಮೇಲೆ ಹೇಳಿದೆ — ಅಂಕಿ ನೋಡಿದ್ದೆ, ಹಲ್ಲಿನ ನೆಪ ಮಾಡಿಕೊಂಡೆ, ಮೇಡಂ ಎದುರು ಗೆಲ್ಲಬೇಕಾಗಿತ್ತು.

ಸುಮಿತ್ರಾ ನನ್ನನ್ನು ನೋಡಲಿಲ್ಲ. ಅತ್ತೆಯನ್ನು ನೋಡುತ್ತಿದ್ದಳು, ಮೊದಲ ಸಲ ಕಂಡವರನ್ನು ನೋಡುವ ಹಾಗೆ. ಗೌರವ್ವ ನನ್ನನ್ನು ನೋಡುತ್ತಿದ್ದಳು.

"ಅವತ್ತ ಮಂದಿ ಮುಂದ ಅಂದಿ" ಎಂದಳು. ಬಹುವಚನ ಹೋಗಿತ್ತು. "ಇವತ್ತ ಬಾಗಲಾ ಹಾಕ್ಕೊಂಡು ಹೇಳಾಕ ಬಂದೀಯೇನು? ತೆಗಿ ಬಾಗಲಾ."

ತೆಗೆದೆ. ಓಣಿಯ ಹೆಂಗಸರು ಬಂದರು. ಯಾರೋ ಹೋಗಿ ಮಾರುತಿಯನ್ನೂ ಕಾಕಾನನ್ನೂ ಕರೆತಂದರು. ಕಟ್ಟೆಯ ಮೇಲೆ ನಿಂತು ಮತ್ತೆ ಮೊದಲಿನಿಂದ ಹೇಳಿದೆ. ಒಬ್ಬಳು ಮುದುಕಿ ತನಗೆ ಕನ್ನಡ ಬರುವುದಿಲ್ಲ, ಮರಾಠಿಯಲ್ಲಿ ಹೇಳು ಎಂದಳು. ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಅಲಂಕಾರಕ್ಕೆ ಬೇಕಾದಷ್ಟು ಮರಾಠಿ ನನಗೆ ಬಾರದು. 'ಸುಳ್ಳು ಹೇಳಿದೆ, ತಪ್ಪು ನನ್ನದು' ಎಂಬುದಷ್ಟೇ ಬಂತು.

"ಸಾಹೇಬ್ರು ಇಲೆಕ್ಷನ್‌ಗೆ ನಿಂದ್ರೂದೈತೇನು, ಓಣಿ ಓಣಿ ತಿರಗಿ ಕೈ ಮುಗ್ಯಾಕ?" ಎಂದ ಹಿಂದಿನಿಂದ ಒಬ್ಬ. ಕೆಲವರು ನಕ್ಕರು.

ಕಾಕಾ ನಗಲಿಲ್ಲ. "ನಾನು ಅವತ್ತ ಖರೇ ಯಾವುದು ಅಂತ ಕೇಳಿದ್ದೆ. ಆಗ ಅಲ್ಲೇ ಹೇಳಿದ್ರ ನಿನ್ನ ಎರಡ ಹೊಡದು ಬಿಟ್ಟ ಬಿಡ್ತಿದ್ವಿ. ಗೌರವ್ವ ಉಳೀತಿದ್ಲು" ಎಂದ.

ಮಾರುತಿ ಎಲ್ಲರನ್ನೂ ಸರಿಸಿ ಮುಂದೆ ಬಂದ. ತಾಯಿಯ ಕಡೆ ನೋಡಲು ಅವನಿಗೆ ಆಗಲಿಲ್ಲ. ಅದನ್ನೂ ನನ್ನ ಮೇಲೆಯೇ ತೀರಿಸಿಕೊಂಡ. "ಹೇಳೂದ ಮುಗೀತಲ್ಲ? ನಾನು ಕೈ ಎತ್ತೂದ್ರಾಗ ಹೋಗಿಬಿಡ್ರಿ."

ಹೋಗಲು ಹೊರಟೆ. ಆಗ ಸುಮಿತ್ರಾ ಒಳಕೋಣೆಯಿಂದ ಶೋಭಾಳ ಕೂಸನ್ನು ಎತ್ತಿಕೊಂಡು ಬಂದಳು. ಶೋಭಾ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಸುಮಿತ್ರಾ ಮೊಣಕಾಲೂರಿ ಕುಳಿತು ಕೂಸನ್ನು ಗೌರವ್ವನ ಮುಂದೆ ಹಿಡಿದಳು.

"ಅತ್ತಿ, ನಾಳಿಂದ ಇದಕ್ಕ ನೀವ ಎರೀರಿ."

ಗೌರವ್ವ ಕೂಸಿನ ಮುಖ ನೋಡಿದಳು. ಆಮೇಲೆ ಎರೆಯುವವರು ಕೂರುವ ಹಾಗೆ ಎರಡೂ ಕಾಲು ಮುಂದೆ ನೀಡಿದಳು. ಸೆರಗಿನಿಂದ ಕೈ ಹೊರಗೆ ತೆಗೆದಳು.

ಕೈಗಳು ನಡುಗುತ್ತಿದ್ದವು. ಎರಡೂ. ಕೂಸಿನ ಹತ್ತಿರ ಹೋದಷ್ಟೂ ಹೆಚ್ಚಾಗಿ.

"ಯಾರೂ ನೋಡಿಲ್ಲ" ಎಂದಳು ಗೌರವ್ವ. "ನನ್ನ ಕೈ ಯಾರಿಗೆ ಬೇಕಾಗಿತ್ತು ನೋಡಾಕ? ನೀರಿನ ತಂಬಿಗಿ ಬಾಯಿಗೆ ಹೋಗೂದ್ರಾಗ ಅರ್ಧಾ ಚೆಲ್ತೈತಿ. ಇದರಾಗ ಎಣ್ಣಿ ಹಚ್ಚಿದ ಕೂಸು ಹಿಡಿಯಾಕಾಗತೈತೇನ? ಒಯ್ಯಿ ಒಳಗ. ಜಾರಿಸಿಬಿಟ್ರ ಅದೂ ನನ್ನ ಕೈಯಿಂದ ಆತು ಅಂತೀರಿ."

ಆ ನಡುಕ ಯಾವುದೆಂದು ನನಗೆ ನೋಡಿದ ಕೂಡಲೇ ತಿಳಿಯಿತು — ತಿಳಿಯಿತು ಎಂದುಕೊಂಡೆ. ವಯಸ್ಸಾದವರಲ್ಲಿ ಬರುವಂಥದು, ಮಾತ್ರೆ ಇದೆ, ಒಮ್ಮೊಮ್ಮೆ ಕಡಿಮೆಯೂ ಆಗುತ್ತದೆ. ಹೇಳಲು ಬಾಯಿ ತೆರೆದಿದ್ದೆ. ಗೌರವ್ವ ಅದನ್ನು ಕಂಡಳು.

"ಏನರೆ ಹೇಳೂದಿತ್ತೇನ?"

ಬಾಗಿಲ ತುಂಬ ಮಂದಿ ನಿಂತಿದ್ದರು. ಅವಳ ಕೈಯ ಬಗ್ಗೆ ಮಂದಿಯ ಮುಂದೆ ಮತ್ತೊಂದು ಮಾತು — ನನ್ನಿಂದ —

"ಇಲ್ಲ" ಎಂದೆ.

ಸುಮಿತ್ರಾ ಕೂಸನ್ನು ಒಳಗೆ ಒಯ್ದಳು. ಗೌರವ್ವ ಕಾಲು ಮಡಚಿಕೊಂಡಳು. ನಾನು ಕಟ್ಟೆಯ ಕೆಳಗೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡೆ. ನಮ್ಮ ಕಡೆ ಹಗೆಯವನು ಎದ್ದು ಹೊರಟರೂ ಹೋಗಿ ಬರ್ರಿ ಎನ್ನುತ್ತಾರೆ. ಅವತ್ತು ಯಾರೂ ಅನ್ನಲಿಲ್ಲ. ಬರುತ್ತೇನೆ ಎನ್ನುವ ಬಾಯಿ ನನಗೂ ಇರಲಿಲ್ಲ.